ಎದುರಿಗೇ ಮರವಿದ್ದರೂ ಪಾರಿವಾಳ ಕಿಟಕಿಯ ಸಜ್ಜೆಯನ್ನೇ ಹುಡುಕುವುದೇಕೆ?

ಪ್ರಶ್ನೆ: ನಮ್ಮ ಮನೆಯ ಕಿಟಕಿ ಮೇಲಿನ ಸಜ್ಜೆಗೆ ದಿನಾ ಹತ್ತಿಪ್ಪತ್ತು ಪಾರಿವಾಳ ಬರುತ್ತವೆ. ಒಂದು ಬೂದು, ಒಂದು ಕಂದು, ಇನ್ನೊಂದು ಪೂರ್ತಿ ಕಪ್ಪು. ಇವೆಲ್ಲ ಒಂದೇ ಜಾತಿಯವಾ? ಎದುರಿಗೇ ದೊಡ್ಡ ಮರವಿದ್ದರೂ ಅದರ ಮೇಲೆ ಕೂರುವುದಿಲ್ಲ, ಯಾಕೆ? ಗಂಡು ಹೆಣ್ಣು ಗುರುತಿಸುವುದು ಹೇಗೆ? ನಡೆಯುವಾಗ ತಲೆ ಅಲ್ಲಾಡಿಸುವುದೇಕೆ? ಇಷ್ಟೊಂದು ಪಾರಿವಾಳ ಇದ್ದರೂ ನಾನು ಒಂದು ಮರಿಯನ್ನೂ ನೋಡಿಲ್ಲ. ಕೊನೆಯದಾಗಿ, ಇವಕ್ಕೆ ಕಾಳು ಹಾಕಬಹುದಾ?

ಉತ್ತರ: ಪಾರಿವಾಳ ಮೂಲದಲ್ಲಿ ಬಂಡೆಯ ಹಕ್ಕಿ. ಆಮೇಲೆ ಮನುಷ್ಯ ಸಾಕಿದ ಹಕ್ಕಿ. ಅದಾದ ಮೇಲೆ ಸಾಕಿದವರ ಕೈತಪ್ಪಿ ಊರು ಸೇರಿದ ಹಕ್ಕಿ. ಈ ಮೂರು ಮಾತು ನೆನಪಿಟ್ಟುಕೊಂಡರೆ ನಿಮ್ಮ ಮುಕ್ಕಾಲು ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ.

ಮೊದಲು ಮರದ ವಿಷಯ. ನಿಮ್ಮ ಸಜ್ಜೆಯ ಪಾರಿವಾಳದ ವೈಜ್ಞಾನಿಕ ಹೆಸರು ಕೊಲಂಬಾ ಲಿವಿಯಾ. ಇದರ ಕಾಡು ಪೂರ್ವಜರು ಯುರೋಪ್, ಉತ್ತರ ಆಫ್ರಿಕಾ, ಪಶ್ಚಿಮ ಮತ್ತು ದಕ್ಷಿಣ ಏಷ್ಯಾದ ಕಡಿದಾದ ಬಂಡೆಗಳಲ್ಲಿ ಇದ್ದವು. ಸಮುದ್ರದ ಅಂಚಿನ ಬಂಡೆಗೋಡೆಗಳಲ್ಲಿ, ಗುಹೆಗಳ ಬಾಯಲ್ಲಿ, ಬಂಡೆಯ ಬಿರುಕುಗಳಲ್ಲಿ ಈಗಲೂ ಕೆಲವು ಕಡೆ ಹಾಗೇ ಇವೆ. ಇವಕ್ಕೆ ಬೇಕಾದದ್ದು ಮೂರೇ: ಕಾಲಿಗೆ ಚಪ್ಪಟೆಯಾದ ಗಟ್ಟಿ ಜಾಗ, ತಲೆ ಮೇಲೆ ಒಂದಿಷ್ಟು ಮರೆ, ಮುಂದೆ ಬಯಲು. ಅಪಾಯ ಬಂದರೆ ಒಂದೇ ಏಟಿಗೆ ಗಾಳಿಗೆ ಜಿಗಿಯಲು ಆ ಬಯಲು ಬೇಕು.

ಈಗ ನಿಮ್ಮ ಕಟ್ಟಡವನ್ನು ಪಾರಿವಾಳದ ಕಣ್ಣಿನಿಂದ ನೋಡಿ. ಎತ್ತರದ ನೇರ ಗೋಡೆ. ಅಲ್ಲಲ್ಲಿ ಚಾಚಿಕೊಂಡ ಸಜ್ಜೆ. ಏಸಿ ಪೆಟ್ಟಿಗೆಯ ಹಿಂದೆ ಕತ್ತಲೆ ಸಂದು. ಪೈಪು ಹಾದುಹೋಗುವ ಕಿಂಡಿ. ಅದಕ್ಕೆ ಇದು ಬಂಡೆಯೇ, ಅದೂ ಒಳ್ಳೆ ಅನುಕೂಲದ ಬಂಡೆ. ಸೇತುವೆಯ ಕೆಳಗೆ, ರೈಲು ನಿಲ್ದಾಣದ ತೊಲೆಗಳ ಮೇಲೆ, ಹಳೇ ಕೋಟೆಯ ಗೋಡೆಯಲ್ಲಿ, ಹಾಳುಬಾವಿಯ ಒಳಗೋಡೆಯಲ್ಲಿ ಪಾರಿವಾಳ ಮನೆ ಮಾಡುವುದೂ ಇದೇ ಕಾರಣಕ್ಕೆ. ಮರದ ಮೇಲೆ ಅದಕ್ಕೆ ಕೂರಲು ಬರುವುದೇ ಇಲ್ಲ ಅಂತಲ್ಲ. ದಪ್ಪ ಕೊಂಬೆಯ ಮೇಲೋ ತಂತಿಯ ಮೇಲೋ ಆಗಾಗ ಕೂರುತ್ತದೆ. ಆದರೆ ಎಲೆ ತುಂಬಿದ ಮರದಲ್ಲಿ ರಾತ್ರಿ ಕಳೆಯುವುದು, ಗೂಡು ಕಟ್ಟುವುದು ಅದರ ವಂಶದ ರೂಢಿಯಲ್ಲ. ಅದರ ಹತ್ತಿರದ ಸಂಬಂಧಿಗಳಾದ ಬೆಳವಗಳು ಮಾತ್ರ ಹೆಚ್ಚಾಗಿ ಮರಗಿಡದಲ್ಲಿ ಗೂಡು ಕಟ್ಟುತ್ತವೆ. ನಿಮ್ಮ ಎದುರಿನ ಮರದಲ್ಲಿ ಸಣ್ಣ, ತೆಳ್ಳಗಿನ, ಕಂದು ಛಾಯೆಯ ಹಕ್ಕಿ ಕಂಡರೆ ಅದು ಬೆಳವ ಇರಬಹುದು, ಗಮನಿಸಿ.

ಇನ್ನು ಬಣ್ಣ. ಹೌದು, ಬೂದು, ಕಂದು, ಕಪ್ಪು, ಬಿಳಿ, ಚುಕ್ಕೆಯದು, ಎಲ್ಲವೂ ಒಂದೇ ಜಾತಿ. ಮೂಲ ವೇಷ ಯಾವುದು ಅಂತ ತಿಳಿದರೆ ಉಳಿದದ್ದು ಸುಲಭ. ಮೈ ತಿಳಿ ಬೂದು, ತಲೆ ಸ್ವಲ್ಪ ಗಾಢ. ಮಡಿಚಿದ ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟಿ. ಬಾಲದ ತುದಿಯಲ್ಲಿ ಒಂದು ಕಪ್ಪು ಅಂಚು. ಕಾಲು ಕೆಂಪು, ಕಣ್ಣು ಕಿತ್ತಳೆ. ಕೊಕ್ಕಿನ ಬುಡದಲ್ಲಿ ಬಿಳಿ ಪುಡಿ ಬಳಿದ ಹಾಗೆ ಒಂದು ಉಬ್ಬು. ಕೊಕ್ಕಿನಿಂದ ಬಾಲದ ತುದಿವರೆಗೆ ಸುಮಾರು 32ರಿಂದ 37 ಸೆಂಟಿಮೀಟರ್, ತೂಕ ಹೆಚ್ಚುಕಮ್ಮಿ 250ರಿಂದ 380 ಗ್ರಾಂ. ರೆಕ್ಕೆ ಬಿಚ್ಚಿದರೆ 62ರಿಂದ 72 ಸೆಂಟಿಮೀಟರ್ ಅಗಲ. ಬಾಲ ಶುರುವಾಗುವುದಕ್ಕೆ ಸ್ವಲ್ಪ ಮೇಲೆ, ಬೆನ್ನಿನ ಕೊನೆಯಲ್ಲಿ, ಯುರೋಪಿನ ಕಾಡು ಪಾರಿವಾಳಗಳಿಗೆ ಬಿಳಿ ತೇಪೆ ಇರುತ್ತದೆ. ಭಾರತ ಉಪಖಂಡದವಕ್ಕೆ ಅಲ್ಲಿಯೂ ಬೂದು ಬಣ್ಣವೇ.

ಆ ಬಿಳಿ ತೇಪೆ ಸುಮ್ನೆ ಅಂದಕ್ಕೆ ಇರುವುದಲ್ಲ. ಪೆರೆಗ್ರಿನ್ ಡೇಗೆ ಅನ್ನುವ ಬೇಟೆಹಕ್ಕಿ ಮೇಲಿನಿಂದ ಎರಗಿದಾಗ ಪಾರಿವಾಳ ಕೊನೇ ಗಳಿಗೆಯಲ್ಲಿ ಉರುಳಿ ತಪ್ಪಿಸಿಕೊಳ್ಳುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಂಶೋಧಕರು ಕೆಲವು ವರ್ಷ ಇದನ್ನೇ ನೋಡುತ್ತಾ ಕೂತಿದ್ದರು. ಬಿಳಿ ತೇಪೆಯ ಪಾರಿವಾಳಗಳು ಡೇಗೆಗೆ ಸಿಗುವುದು ತೀರಾ ಕಡಿಮೆ ಅಂತ ಕಂಡಿತು. ಅವರು ಅಷ್ಟಕ್ಕೇ ಬಿಡಲಿಲ್ಲ. ಬಿಳಿ ತೇಪೆಯ ಹಕ್ಕಿಗಳಿಗೆ ಬೂದು ಗರಿ, ಬೂದು ಹಕ್ಕಿಗಳಿಗೆ ಬಿಳಿ ಗರಿ ಅಂಟಿಸಿ ಬಿಟ್ಟರು. ಅದೃಷ್ಟವೂ ಅದಲುಬದಲಾಯಿತು. 2005ರಲ್ಲಿ ಪ್ರಕಟವಾದ ಕೆಲಸ ಇದು. ಬಿಳಿ ಬಣ್ಣ ಡೇಗೆಯ ಗಮನ ಸೆಳೆದು, ರೆಕ್ಕೆ ಉರುಳುವ ಮೊದಲ ಸೂಚನೆಯನ್ನು ಮರೆಮಾಡುತ್ತದೆ ಅನ್ನುವುದು ಅವರ ವಿವರಣೆ.

ಮತ್ತೆ ಇಷ್ಟು ಬಣ್ಣ ಬಂದದ್ದು ಎಲ್ಲಿಂದ? ನಮ್ಮಿಂದಲೇ. ಮನುಷ್ಯ ಸಾವಿರಾರು ವರ್ಷಗಳ ಹಿಂದೆಯೇ ಪಾರಿವಾಳ ಸಾಕಲು ಶುರು ಮಾಡಿದ. ಮಾಂಸಕ್ಕೆ, ಗೊಬ್ಬರಕ್ಕೆ, ಓಲೆ ಕಳಿಸಲು, ಪಂದ್ಯಕ್ಕೆ, ಬರೀ ಚೆಂದಕ್ಕೆ. ಕಣ್ಣಿಗೆ ಹಿಡಿಸಿದ ಬಣ್ಣವನ್ನು ಆರಿಸಿ ಆರಿಸಿ ಮರಿ ಮಾಡಿಸಿದ. ಗೂಡಿನಿಂದ ತಪ್ಪಿಸಿಕೊಂಡವು, ಪಂದ್ಯದಲ್ಲಿ ದಾರಿ ತಪ್ಪಿದವು, ಸಾಕಲಾರದೆ ಬಿಟ್ಟವು, ಎಲ್ಲಾ ಸೇರಿ ಊರಿನ ಹಿಂಡಾದವು. ಉತ್ತರ ಅಮೆರಿಕದಲ್ಲಿ ಈ ಹಕ್ಕಿ ಇರಲೇ ಇಲ್ಲ. 17ನೇ ಶತಮಾನದ ಆರಂಭದಲ್ಲಿ ಯುರೋಪಿನವರು ಹಡಗಿನಲ್ಲಿ ಒಯ್ದರು. ಈಗ ಅಲ್ಲಿನ ಯಾವ ನಗರದಲ್ಲಿ ನೋಡಿದರೂ ಪಾರಿವಾಳ.

ಚಾರ್ಲ್ಸ್ ಡಾರ್ವಿನ್ ಮನೆಯಲ್ಲಿ ತಳಿ ತಳಿಯ ಪಾರಿವಾಳ ಸಾಕಿದ್ದ. 1859ರ ತನ್ನ ಹೆಸರಾಂತ ಪುಸ್ತಕದ ಮೊದಲ ಅಧ್ಯಾಯದಲ್ಲೇ ಅವುಗಳ ಕಥೆ ಹೇಳುತ್ತಾನೆ. ಬೀಸಣಿಗೆ ಬಾಲದ ಬಿಳಿ ತಳಿ ಮತ್ತು ಇನ್ನೊಂದು ಕಪ್ಪು ತಳಿಯನ್ನು ಕೂಡಿಸಿದ. ಅವುಗಳ ಮೊಮ್ಮಕ್ಕಳಲ್ಲಿ ಒಂದು ಹುಟ್ಟಿತು ನೋಡಿ: ಬೂದುನೀಲಿ ಮೈ, ರೆಕ್ಕೆಗೆ ಎರಡು ಕಪ್ಪು ಪಟ್ಟಿ, ಬಾಲಕ್ಕೆ ಕಪ್ಪು ಅಂಚು. ಬಿಳಿ ಕಪ್ಪು ಬೆರೆಸಿದರೆ ಬಂಡೆಯ ಪಾರಿವಾಳ ಎದ್ದು ಬಂತು! ಎಲ್ಲಾ ಸಾಕು ತಳಿಗಳ ಮೂಲ ಒಂದೇ ಅನ್ನುವುದಕ್ಕೆ ಅವನಿಗೆ ಸಿಕ್ಕ ಗಟ್ಟಿ ಪುರಾವೆಗಳಲ್ಲಿ ಅದೂ ಒಂದು. ನಿಮ್ಮ ಸಜ್ಜೆಯ ಮೇಲೂ ಪಟ್ಟಿಯ ಬೂದು ಹಕ್ಕಿಗಳು ಸಾಕಷ್ಟು ಇರುತ್ತವೆ, ಎಣಿಸಿ ನೋಡಿ. ರೆಕ್ಕೆ ತುಂಬಾ ಚೌಕಳಿ ಇರುವವೂ ಜಾಸ್ತಿ ಸಿಗುತ್ತವೆ.

ಕುತ್ತಿಗೆಯ ಹೊಳಪನ್ನು ನೀವು ಕೇಳಿಲ್ಲ, ಆದರೂ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಆ ಹಸಿರು, ಆ ನೇರಳೆ ಯಾವುದೂ ಗರಿಯಲ್ಲಿರುವ ಬಣ್ಣವಲ್ಲ. ಗರಿಯ ಸಣ್ಣ ಎಳೆಗಳ ಮೇಲಿನ ತೆಳು ಪದರಕ್ಕೆ ಬಡಿದು ಬೆಳಕು ಹಾಗೆ ಒಡೆದು ಕಾಣುತ್ತದೆ, ಸೋಪಿನ ಗುಳ್ಳೆಯ ಮೇಲೆ ಬಣ್ಣ ಓಡಾಡುತ್ತದಲ್ಲ, ಹಾಗೆ. ಪಾರಿವಾಳ ಕತ್ತು ಸ್ವಲ್ಪ ತಿರುಗಿಸಿದರೆ ಸಾಕು, ಹಸಿರಿದ್ದ ಜಾಗ ನೇರಳೆ ಆಗುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ನೋಡಬೇಕು ಇದನ್ನು.

ಗಂಡು ಹೆಣ್ಣು ಗುರುತಿಸುವುದು ನೋಟದಿಂದ ಕಷ್ಟ. ಗಂಡು ಒಂಚೂರು ದೊಡ್ಡದು, ಕುತ್ತಿಗೆಯ ಹೊಳಪು ಒಂಚೂರು ಜಾಸ್ತಿ, ಅಷ್ಟೇ. ನಡವಳಿಕೆ ನೋಡಿದರೆ ಮಾತ್ರ ಅನುಮಾನವೇ ಇರುವುದಿಲ್ಲ. ಕುತ್ತಿಗೆ ಉಬ್ಬಿಸಿ, ತಲೆ ಬಗ್ಗಿಸಿ, ಬಾಲವನ್ನು ನೆಲಕ್ಕೆ ಎಳೆದುಕೊಂಡು, ಗುಟುರು ಹಾಕುತ್ತಾ ಗಿರಗಿರ ಸುತ್ತುವುದು ಗಂಡು. ಅದರ ಮುಂದೆ ಏನೂ ಆಗಿಲ್ಲವೆಂಬಂತೆ ಕಾಳು ಹೆಕ್ಕುತ್ತಾ ಸರಿದು ಹೋಗುವುದು ಸಾಮಾನ್ಯವಾಗಿ ಹೆಣ್ಣು. ಹೆಣ್ಣಿಗೆ ಒಪ್ಪಿಗೆಯಾದರೆ ತನ್ನ ಕೊಕ್ಕನ್ನು ಗಂಡಿನ ಕೊಕ್ಕಿನೊಳಗೆ ಇಡುತ್ತದೆ, ಮರಿ ಗುಟುಕು ಕೇಳುವ ರೀತಿಯಲ್ಲೇ. ಕೂಡಿದ ಮೇಲೆ ಗಂಡು ಹಾರಿ ಎರಡೂ ರೆಕ್ಕೆಯನ್ನು ಬೆನ್ನ ಮೇಲೆ ಚಟ್ ಚಟ್ ಎಂದು ಬಡಿದು, ರೆಕ್ಕೆ ಮೇಲೆತ್ತಿ ತೇಲಿಕೊಂಡು ಹೋಗುವುದುಂಟು. ಜೋಡಿ ಒಮ್ಮೆ ಆಯಿತೆಂದರೆ ಸಾಮಾನ್ಯವಾಗಿ ಬದುಕಿರುವ ತನಕ ಉಳಿಯುತ್ತದೆ. ಅಷ್ಟಾದರೂ ಮೊಟ್ಟೆ ಇಡುವ ಮುಂಚಿನ ದಿನಗಳಲ್ಲಿ ಗಂಡು ಹೆಣ್ಣಿನ ಬಾಲಕ್ಕೇ ಅಂಟಿಕೊಂಡು ನಡೆಯುತ್ತದೆ. ಇದು ಪ್ರೀತಿ ಅಂತ ನಮಗೆ ಕಾಣುತ್ತದೆ. ಬೇರೆ ಗಂಡು ಹತ್ತಿರ ಬರಬಾರದು ಅನ್ನುವುದು ಅದರ ಲೆಕ್ಕ.

ಗೂಡು ಸಿಕ್ಕಿದರೆ ಇನ್ನೂ ಸುಲಭದ ಉಪಾಯ ಇದೆ. ಕಾವಿಗೆ ಎರಡೂ ಪಾಳಿ ಮೇಲೆ ಕೂರುತ್ತವೆ, ಅದೂ ಒಳ್ಳೆ ಶಿಸ್ತಿನಿಂದ. ಬೆಳಗ್ಗೆ ಬಿಸಿಲು ಏರಿದ ಮೇಲಿಂದ ಮಧ್ಯಾಹ್ನ ಇಳಿಯುವ ತನಕ ಗಂಡು. ಸಂಜೆಯಿಂದ ರಾತ್ರಿಯಿಡೀ, ಮರುದಿನ ಬೆಳಗಿನ ತನಕ ಹೆಣ್ಣು. ಆದ್ದರಿಂದ ಮಧ್ಯಾಹ್ನ ಹನ್ನೆರಡಕ್ಕೆ ಗೂಡಲ್ಲಿ ಕೂತ ಹಕ್ಕಿ ಬಹುಪಾಲು ಅಪ್ಪ. ರಾತ್ರಿ ಟಾರ್ಚಿಗೆ ಕಂಡದ್ದು ಅಮ್ಮ. ಟಾರ್ಚ್ ಬೇಗ ಆರಿಸಿ, ಪಾಪ.

ಗೂಡಿನ ಬಗ್ಗೆ ಹೇಳುವುದಾದರೆ, ಅದನ್ನು ಗೂಡು ಅನ್ನಲೂ ಮನಸ್ಸು ಬಾರದು. ಗಂಡು ಒಂದೊಂದೇ ಕಡ್ಡಿ ತಂದುಕೊಡುತ್ತದೆ, ಹೆಣ್ಣು ಕೂತಲ್ಲೇ ಅದನ್ನು ಮೈ ಕೆಳಗೆ ಸೇರಿಸಿಕೊಳ್ಳುತ್ತದೆ. ಕಡ್ಡಿ ಸಿಗದ ಕಡೆ ತಂತಿ ಚೂರು, ಪ್ಲಾಸ್ಟಿಕ್ ಪಟ್ಟಿ ಏನಾದರೂ ಆದೀತು. ಎಷ್ಟೋ ಸಲ ಬರೀ ಹತ್ತು ಕಡ್ಡಿಯ ಮೇಲೆ ಎರಡು ಮೊಟ್ಟೆ ಬಿದ್ದಿರುತ್ತವೆ. ಇಲ್ಲಿಯೂ ಬಂಡೆಯೇ ಕಾರಣ. ಕೊಂಬೆಯ ಮೇಲಾದರೆ ಗೂಡು ಬಿಗಿಯಾಗಿ ಹೆಣೆಯಬೇಕು. ಚಪ್ಪಟೆ ಕಲ್ಲಿನ ಮೇಲೆ ಮೊಟ್ಟೆ ಉರುಳದಷ್ಟು ಅಡ್ಡ ಇದ್ದರೆ ಆಯಿತು. ಹೆಚ್ಚಿನ ಹಕ್ಕಿಗಳು ಮರಿಯ ಹಿಕ್ಕೆಯನ್ನು ಎತ್ತಿ ಹೊರಗೆ ಹಾಕುತ್ತವೆ. ಪಾರಿವಾಳ ಆ ಗೋಜಿಗೇ ಹೋಗುವುದಿಲ್ಲ. ಅದೇ ಜಾಗದಲ್ಲಿ ಮತ್ತೆ ಮತ್ತೆ ಮರಿ ಮಾಡುವುದರಿಂದ ಹಿಕ್ಕೆ ಒಣಗಿ, ಕಡ್ಡಿ ಸೇರಿ, ಗಟ್ಟಿ ಬಟ್ಟಲಿನ ಆಕಾರ ಬರುತ್ತದೆ.

ಮೊಟ್ಟೆ ಸಾಮಾನ್ಯವಾಗಿ ಎರಡು, ಅಚ್ಚ ಬಿಳಿ. 17ರಿಂದ 19 ದಿನಕ್ಕೆ ಒಡೆಯುತ್ತವೆ. ಹೊರಬರುವ ಮರಿ, ನಿಜ ಹೇಳಬೇಕೆಂದರೆ, ಚೆಂದದ್ದಲ್ಲ. ಕಣ್ಣು ಮುಚ್ಚಿರುತ್ತದೆ, ಮೈಮೇಲೆ ಅಲ್ಲೊಂದು ಇಲ್ಲೊಂದು ಹಳದಿ ಕೂದಲಿನಂಥ ತುಪ್ಪಳ, ಮುಖಕ್ಕೆ ಮೀರಿದ ಕೊಕ್ಕು. ಆದರೆ ಅದು ಬೆಳೆಯುವ ವೇಗ ನೋಡಿದರೆ ಬೆರಗಾಗುತ್ತದೆ. ಕಾರಣ ಅದಕ್ಕೆ ಸಿಗುವ ಆಹಾರ. ಪಾರಿವಾಳದ ಗಂಟಲ ಕೆಳಗೆ ಕಾಳು ಕೂಡಿಟ್ಟುಕೊಳ್ಳುವ ಒಂದು ಚೀಲ ಇದೆ. ಮರಿ ಹೊರಬರುವ ಹೊತ್ತಿಗೆ ಆ ಚೀಲದ ಒಳಪದರ ದಪ್ಪಗಾಗಿ, ಜೀವಕೋಶಗಳು ಕಳಚಿ, ತಿಳಿ ಹಳದಿ ಬಣ್ಣದ ಮುದ್ದೆ ಪದಾರ್ಥ ತಯಾರಾಗುತ್ತದೆ. ಇದೇ ಪಾರಿವಾಳದ ಹಾಲು. ಪ್ರೋಟೀನು, ಕೊಬ್ಬು ತುಂಬಿರುತ್ತದೆ. ಅಪ್ಪ ಅಮ್ಮ ಇಬ್ಬರೂ ಕೊಡುತ್ತಾರೆ! ಮರಿ ತನ್ನ ಕೊಕ್ಕನ್ನು ದೊಡ್ಡವರ ಬಾಯೊಳಗೆ ತೂರಿಸಿ ಅದನ್ನು ಹೀರುತ್ತದೆ. ಮೊದಲ ಕೆಲವು ದಿನ ಇದೇ ಪೂರ್ತಿ ಊಟ, ಆಮೇಲೆ ನಿಧಾನಕ್ಕೆ ನೆನೆದ ಕಾಳು ಬೆರೆಯುತ್ತದೆ. ಹಕ್ಕಿಗಳಲ್ಲಿ ಪಾರಿವಾಳದ ಬಳಗ ಬಿಟ್ಟರೆ ಫ್ಲೆಮಿಂಗೊ ಮತ್ತು ಗಂಡು ಎಂಪರರ್ ಪೆಂಗ್ವಿನ್‌ನಲ್ಲಿ ಇಂಥದ್ದು ಕಾಣಸಿಗುತ್ತದೆ. ಇದನ್ನು ನಡೆಸುವ ಹಾರ್ಮೋನು ಪ್ರೊಲ್ಯಾಕ್ಟಿನ್. ತಾಯಂದಿರಲ್ಲಿ ಎದೆಹಾಲು ತರಿಸುವುದೂ ಅದೇ ಹಾರ್ಮೋನು. 1930ರ ದಶಕದಲ್ಲಿ ವಿಜ್ಞಾನಿಗಳು ಪ್ರೊಲ್ಯಾಕ್ಟಿನ್ ಎಷ್ಟಿದೆ ಅಂತ ಅಳೆಯುತ್ತಿದ್ದದ್ದು ಪಾರಿವಾಳದ ಈ ಚೀಲ ಎಷ್ಟು ದಪ್ಪಗಾಯಿತು ಅಂತ ನೋಡಿಯೇ.

ಈಗ ನಿಮ್ಮ ಮರಿ ಕಾಣದ ಪ್ರಶ್ನೆ. ಹೀಗೆ ಪುಷ್ಕಳ ಉಂಡ ಮರಿ ಸುಮಾರು ಒಂದು ತಿಂಗಳು ಗೂಡಲ್ಲೇ ಇರುತ್ತದೆ. ಗುಬ್ಬಿ ಮರಿ ಎರಡು ವಾರಕ್ಕೆ ಹೊರಬಿದ್ದು ಪಿಳಿಪಿಳಿ ಅನ್ನುತ್ತಾ ಅಮ್ಮನ ಹಿಂದೆ ಅಲೆಯುತ್ತದೆ. ಪಾರಿವಾಳದ ಮರಿ ಹೊರಬರುವಾಗ ಹೆಚ್ಚುಕಡಿಮೆ ದೊಡ್ಡವರಷ್ಟೇ ಆಗಿರುತ್ತದೆ. ಗೂಡು ಇರುವುದೂ ಸಂದಿಯಲ್ಲಿ, ಕಣ್ಣಿಗೆ ಮರೆಯಲ್ಲಿ. ಹಾಗಾಗಿ ನೀವು ಮರಿ ನೋಡಿಲ್ಲ ಅನ್ನುವುದು ಪೂರ್ತಿ ನಿಜ ಇರಲಾರದು. ನೋಡಿರುತ್ತೀರಿ, ಗುರುತು ಹಿಡಿದಿಲ್ಲ. ಮುಂದಿನ ಸಲ ಹೀಗೆ ನೋಡಿ: ಕುತ್ತಿಗೆಯಲ್ಲಿ ಹೊಳಪಿಲ್ಲ, ಕೊಕ್ಕಿನ ಬುಡದ ಉಬ್ಬು ಇನ್ನೂ ಬಿಳಿಯಾಗಿಲ್ಲ, ಕಣ್ಣು ಕಿತ್ತಳೆಯ ಬದಲು ಮಂಕು ಕಂದು. ತಲೆಯ ಮೇಲೆ ಒಂದೆರಡು ಹಳದಿ ಕೂದಲು ಉಳಿದಿದ್ದರಂತೂ ನಿನ್ನೆ ಮೊನ್ನೆ ಗೂಡು ಬಿಟ್ಟದ್ದು. ಗುಟುರು ಹಾಕಲು ಇನ್ನೂ ಬರುವುದಿಲ್ಲ, ಕೀಚಲು ದನಿಯಲ್ಲಿ ರೆಕ್ಕೆ ಬಡಿಯುತ್ತಾ ದೊಡ್ಡ ಹಕ್ಕಿಯ ಬಾಯಿಗೆ ಬೀಳುತ್ತದೆ.

ತಲೆ ಅಲ್ಲಾಡಿಸುವುದು ತುಂಬಾ ಜನ ಕೇಳುವ ಪ್ರಶ್ನೆ. ತಲೆ ಹಿಂದೆ ಮುಂದೆ ಹೋಗುತ್ತದೆ ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ನಿಧಾನಗತಿಯ ವಿಡಿಯೊ ನೋಡಿದರೆ ತಲೆ ಹಿಂದಕ್ಕೆ ಹೋಗುವುದೇ ಇಲ್ಲ. ಮೊದಲು ತಲೆ ಚಕ್ಕನೆ ಮುಂದಕ್ಕೆ ಚಾಚುತ್ತದೆ, ಆಮೇಲೆ ಗಾಳಿಯಲ್ಲಿ ಇದ್ದಲ್ಲೇ ನಿಲ್ಲುತ್ತದೆ. ಮೈ ನಡೆದು ಬಂದು ತಲೆಯನ್ನು ಸೇರಿಕೊಳ್ಳುತ್ತದೆ. ಮತ್ತೆ ತಲೆ ಮುಂದಕ್ಕೆ. ನಿಂತ ಆ ಗಳಿಗೆಯಲ್ಲಿ ಕಣ್ಣಿಗೆ ಸುತ್ತಲಿನ ನೋಟ ಅಲುಗದೆ ಸಿಗುತ್ತದೆ. ಕಣ್ಣು ತಲೆಯ ಎರಡು ಪಕ್ಕದಲ್ಲಿ ಇರುವುದರಿಂದ ಅದಕ್ಕೆ ಸುಮಾರು 340 ಡಿಗ್ರಿ ಸುತ್ತಳತೆ ಕಾಣುತ್ತದೆ. ಕಾಳು ಹುಡುಕಬೇಕು, ಬೆಕ್ಕು ಬಂತಾ ನೋಡಬೇಕು, ನೋಟ ಮಸುಕಾದರೆ ನಡೆಯುವುದಿಲ್ಲ. 1978ರಲ್ಲಿ ಬ್ಯಾರಿ ಫ್ರಾಸ್ಟ್ ಅನ್ನುವ ವಿಜ್ಞಾನಿ ಪಾರಿವಾಳಗಳನ್ನು ಟ್ರೆಡ್‌ಮಿಲ್ ಮೇಲೆ ನಡೆಸಿದ. ಕಾಲು ನಡೆಯುತ್ತಿದೆ, ಸುತ್ತಲಿನ ನೋಟ ಮಾತ್ರ ಹಿಂದೆ ಸರಿಯುತ್ತಿಲ್ಲ. ಪಾರಿವಾಳ ತಲೆ ಆಡಿಸುವುದನ್ನು ನಿಲ್ಲಿಸಿಬಿಟ್ಟಿತು. ಅಂದರೆ ಇದು ಕಾಲಿಗೆ ಸೇರಿದ ಕೆಲಸವಲ್ಲ, ಕಣ್ಣಿಗೆ ಸೇರಿದ್ದು.

ನೀರು ಕುಡಿಯುವುದನ್ನೂ ಒಮ್ಮೆ ಗಮನಿಸಿ. ಕೋಳಿ ಒಂದು ಗುಟುಕು ತೆಗೆದು ತಲೆ ಮೇಲೆತ್ತುತ್ತದೆ. ಪಾರಿವಾಳ ಕೊಕ್ಕು ಅದ್ದಿ, ತಲೆ ಎತ್ತದೆ, ಒಂದೇ ಸಮನೆ ಹೀರುತ್ತದೆ.

ಹಿಂಡಿನಲ್ಲಿ ಕಾಲ್ಬೆರಳು ಇಲ್ಲದ, ಕುಂಟುವ ಹಕ್ಕಿಗಳು ನಿಮಗೆ ಕಂಡಿರಬಹುದು. ಕಾಯಿಲೆ ಅಂತ ಜನ ಹೆದರುತ್ತಾರೆ. ಬಹಳ ಸಲ ಕಾರಣ ದಾರ ಮತ್ತು ಕೂದಲು. ನೆಲದ ಮೇಲೆ ನಡೆಯುವಾಗ ಬೆರಳಿಗೆ ಸುತ್ತಿಕೊಂಡು, ಬಿಗಿದು, ರಕ್ತ ಹೋಗದೆ ಬೆರಳು ಉದುರುತ್ತದೆ. ಪ್ಯಾರಿಸ್‌ನಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ಷೌರದಂಗಡಿ ಜಾಸ್ತಿ ಇರುವ ಕಡೆ ಬೆರಳು ಕಳೆದುಕೊಂಡ ಪಾರಿವಾಳಗಳೂ ಜಾಸ್ತಿ ಅಂತ ಕಂಡುಬಂತು. ಗಾಳಿಪಟದ ದಾರ, ಹೊಲಿಗೆ ದಾರದ ತುಂಡು ಹೊರಗೆ ಬಿಸಾಡುವ ಮುಂಚೆ ಚಿಕ್ಕದಾಗಿ ಕತ್ತರಿಸಿ.

ಪಾರಿವಾಳ ಓಡಿಸುವ ಯೋಚನೆ ಇರುವವರು ಒಂದು ವಿಷಯ ತಿಳಿದಿರಬೇಕು. ಪಾರಿವಾಳವನ್ನು ಹಿಡಿದು ದೂರ ಬಿಟ್ಟುಬಂದರೆ ಪ್ರಯೋಜನ ಇಲ್ಲ. ಪಂದ್ಯದ ಹಕ್ಕಿಗಳು ನೂರಾರು ಕಿಲೋಮೀಟರ್ ದೂರದಿಂದ ಗೂಡಿಗೆ ಮರಳುತ್ತವೆ. ದಿಕ್ಕಿಗೆ ಸೂರ್ಯನನ್ನು ನೋಡುತ್ತವೆ, ಮೈಯೊಳಗಿನ ಗಡಿಯಾರದ ಜೊತೆ ತಾಳೆ ಹಾಕುತ್ತವೆ. ಇದನ್ನು ಪರೀಕ್ಷಿಸಲು ಹಕ್ಕಿಗಳನ್ನು ಕೃತಕ ಬೆಳಕಿನಲ್ಲಿ ಇಟ್ಟು ಅವುಗಳ ಗಡಿಯಾರವನ್ನು ಆರು ಗಂಟೆ ಹಿಂದೆ ಮುಂದೆ ಮಾಡಿದ್ದಾರೆ. ಬಿಸಿಲಿನಲ್ಲಿ ಹೊರಗೆ ಬಿಟ್ಟಾಗ ಅವು ಹೆಚ್ಚುಕಮ್ಮಿ 90 ಡಿಗ್ರಿ ತಪ್ಪು ದಿಕ್ಕಿಗೆ ಹೊರಟವು. ಸೂರ್ಯ ಮಾತ್ರವಲ್ಲ, ವಾಸನೆ, ಭೂಮಿಯ ಕಾಂತತೆ, ಪರಿಚಿತ ಗುರುತುಗಳು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಪರಿಚಿತ ಊರಿನಲ್ಲಿ ರಸ್ತೆಯನ್ನೇ ಹಿಡಿದು, ತಿರುವಿನಲ್ಲಿ ತಿರುಗಿ ಹೋಗುವ ಪಾರಿವಾಳಗಳನ್ನು ಆಕ್ಸ್‌ಫರ್ಡ್‌ನ ಸಂಶೋಧಕರು ಪತ್ತೆಹಚ್ಚಿದ್ದಾರೆ. ಹತ್ತು ಕಿಲೋಮೀಟರ್ ಆಚೆ ಬಿಟ್ಟು ಬಂದರೆ ನಿಮಗಿಂತ ಮೊದಲು ಅದೇ ಮನೆ ಸೇರಿರುತ್ತದೆ.

ಕಾಳು ಹಾಕಬಹುದಾ? ನನ್ನನ್ನು ಕೇಳಿದರೆ ಬೇಡ. ಪಾರಿವಾಳಕ್ಕೆ ಮರಿ ಮಾಡಲು ಇಂಥದ್ದೇ ಕಾಲ ಅಂತಿಲ್ಲ. ಸಾಕಿದ ಕಾಲದ ಬಳುವಳಿ ಅದು. ಊಟ ಸಿಕ್ಕರೆ ವರ್ಷಕ್ಕೆ ಐದಾರು ಸಲವೂ ಮೊಟ್ಟೆ ಇಟ್ಟೀತು. ಹಾಗಾಗಿ ಹಿಂಡು ಎಷ್ಟು ದೊಡ್ಡದು ಅನ್ನುವುದನ್ನು ಕೊನೆಗೆ ತೀರ್ಮಾನ ಮಾಡುವುದು ನಾವು ಹಾಕುವ ಮತ್ತು ಚೆಲ್ಲುವ ಆಹಾರ. ಸ್ವಿಟ್ಜರ್ಲೆಂಡ್‌ನ ಬಾಸೆಲ್ ನಗರ ಎರಡು ದಶಕಕ್ಕೂ ಮೀರಿ ಪಾರಿವಾಳ ಕೊಂದು ನೋಡಿತು. ಸತ್ತವುಗಳ ಜಾಗಕ್ಕೆ ಮರಿಗಳು ಬಂದವು, ಸಂಖ್ಯೆ ಇಳಿಯಲಿಲ್ಲ. 1988ರಿಂದ ಜನರಿಗೆ ತಿಳಿಹೇಳಿ ಕಾಳು ಹಾಕುವುದನ್ನು ಕಡಿಮೆ ಮಾಡಿಸಿದರು. ಕೆಲವೇ ವರ್ಷಗಳಲ್ಲಿ ಹಿಂಡು ಹತ್ತಿರ ಹತ್ತಿರ ಅರ್ಧಕ್ಕೆ ಬಂತು. ನೀವು ಕಾಳು ಹಾಕದಿದ್ದರೆ ಅವು ಹಸಿದು ಸಾಯುವುದಿಲ್ಲ. ದೂರ ಹಾರಿ ಬೇರೆ ಕಡೆ ಕಾಳು ಹೆಕ್ಕಲು ಅವಕ್ಕೆ ಚೆನ್ನಾಗಿ ಬರುತ್ತದೆ.

ಇನ್ನೊಂದು ಕಾರಣ ಆರೋಗ್ಯ. ಒಣಗಿದ ಹಿಕ್ಕೆಯ ಧೂಳು, ಗರಿಯ ಪುಡಿ ದಿನಾ ಉಸಿರಾಟಕ್ಕೆ ಸಿಕ್ಕರೆ ಕೆಲವರಿಗೆ ಶ್ವಾಸಕೋಶದ ಅಲರ್ಜಿ ಆಗುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಶ್ವಾಸಕೋಶ ಗಟ್ಟಿಯಾಗಿ ಸರಿಪಡಿಸಲಾಗದ ಹಾನಿಯೂ ಆಗಬಹುದು. ಹಿಕ್ಕೆಯಲ್ಲಿ ಕೆಲವು ರೋಗದ ಶಿಲೀಂಧ್ರಗಳೂ ಬೆಳೆಯುತ್ತವೆ. ಸಜ್ಜೆಯ ಮೇಲೆ ಒಂದೆರಡು ಹಕ್ಕಿ ಕೂತಿತು ಅಂತ ಗಾಬರಿ ಬೇಡ. ಆದರೆ ಮನೆಯಲ್ಲಿ ಅಸ್ತಮಾ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಇದ್ದರೆ ಹುಷಾರಾಗಿರಿ. ಒಣ ಹಿಕ್ಕೆಯನ್ನು ಹಾಗೇ ಗುಡಿಸಬೇಡಿ. ಮೊದಲು ನೀರು ಚಿಮುಕಿಸಿ ನೆನೆಸಿ, ಮಾಸ್ಕ್ ಹಾಕಿಕೊಂಡು, ಕೆರೆದು ತೆಗೆಯಿರಿ.

ಅವು ಕೂರುವುದೇ ಬೇಡ ಅನ್ನುವುದಾದರೆ ಚಪ್ಪಟೆ ಜಾಗವನ್ನು ಇಲ್ಲವಾಗಿಸಿ. ಸಜ್ಜೆಯ ಮೇಲೆ ಚೆನ್ನಾಗಿ ಇಳಿಜಾರಾಗಿ ಒಂದು ನುಣುಪಾದ ಹಲಗೆ ಕೂರಿಸಿದರೆ ಕಾಲು ಜಾರುತ್ತದೆ, ಹಕ್ಕಿಗೆ ಗಾಯವೂ ಆಗುವುದಿಲ್ಲ. ಬಾಲ್ಕನಿಗೆ ಬಿಗಿಯಾಗಿ ಬಲೆ ಕಟ್ಟಿಸಬಹುದು. ಸಡಿಲ ಬಲೆ ಬೇಡ, ಸಿಕ್ಕಿಹಾಕಿಕೊಂಡು ಒದ್ದಾಡುತ್ತವೆ. ಕಟ್ಟುವ ಮೊದಲು ಮೂಲೆ ಮೂಲೆ ನೋಡಿ. ಮೊಟ್ಟೆ ಇದ್ದರೆ ಇಟ್ಟ ದಿನದಿಂದ ಸುಮಾರು ಒಂದೂವರೆ ತಿಂಗಳು ಕಾಯಬೇಕಾಗುತ್ತದೆ. ಮರಿ ಹಾರಿದ ಮೇಲೆ ನೋಡೋಣ ಅಂತ ತಡ ಮಾಡಬೇಡಿ. ಎಷ್ಟೋ ಜೋಡಿಗಳು ಹಳೇ ಮರಿ ಗೂಡಲ್ಲಿ ಇರುವಾಗಲೇ ಪಕ್ಕದ ಮೂಲೆಯಲ್ಲಿ ಮುಂದಿನ ಎರಡು ಮೊಟ್ಟೆ ಇಟ್ಟಿರುತ್ತವೆ. ಆದ್ದರಿಂದ ಆ ಒಂದೂವರೆ ತಿಂಗಳಲ್ಲಿ ಇರುವ ಗೂಡೊಂದನ್ನು ಬಿಟ್ಟು ಉಳಿದ ಮೂಲೆಗಳನ್ನೆಲ್ಲ ಮೊದಲೇ ಮುಚ್ಚಿಡಿ.